ಮಹಜರಿನಲ್ಲಿದ್ದ ನಾಯಿ

ಎಲ್ಲಕ್ಕೂ ಕಾರಣ ಒಂದು ಚೀಟಿ. ಅದನ್ನು ಬರೆದವನು ನೀಲಕಂಠಸ್ವಾಮಿಯೇ ಆದ್ದರಿಂದ ಬೇರೆ ಯಾರನ್ನೂ ಬಯ್ಯುವ ಹಾಗಿರಲಿಲ್ಲ.

ನೀಲಕಂಠಸ್ವಾಮಿ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಮಾನಶಾಸ್ತ್ರದ ಲೆಕ್ಚರರ್. ವಯಸ್ಸು ಇಪ್ಪತ್ತೊಂಬತ್ತು. ವಿಮಾನದ ರೆಕ್ಕೆ ಎಷ್ಟು ಬಾಗಿರಬೇಕು, ಬಾಲ ಎಷ್ಟು ಉದ್ದವಿರಬೇಕು ಎಂದು ನಾಲ್ಕು ವರ್ಷದಿಂದ ಪಾಠ ಹೇಳುತ್ತಿದ್ದ. ವಿಮಾನ ಹತ್ತಿ ಮಾತ್ರ ಗೊತ್ತಿರಲಿಲ್ಲ. ಅವನ ಮನಸ್ಸೆಲ್ಲ ವಿಮಾನಕ್ಕೂ ಮೇಲಿನ ಆಕಾಶದಲ್ಲಿತ್ತು. ಹತ್ತು ಹನ್ನೆರಡು ಮೈಲಿ ಎತ್ತರದಲ್ಲಿ ಗಾಳಿ ಎಷ್ಟು ತೆಳ್ಳಗಿದೆ, ಎಷ್ಟು ತಣ್ಣಗಿದೆ ಎಂದು ನಮ್ಮ ಸೀಮೆಯಲ್ಲೇ ಅಳೆಯಬೇಕು, ಮುಂದೆ ರಾಕೆಟ್ ಹಾರಿಸುವವರಿಗೆ ಆ ವಿವರ ಬೇಕಾಗುತ್ತದೆ ಎಂದು ಅವನು ಶುರುಮಾಡಿದರೆ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ಎದ್ದು ಕಾಫಿಗೆ ಹೇಳಿಕಳಿಸುತ್ತಿದ್ದರು.

ಆದರೆ ಐವತ್ತೇಳರ ಅಕ್ಟೋಬರಿನಲ್ಲಿ ರಷ್ಯದವರು ಉಪಗ್ರಹ ಹಾರಿಸಿಬಿಟ್ಟರು. ನವೆಂಬರಿನಲ್ಲಿ ಇನ್ನೊಂದು ಹಾರಿಸಿ ಅದರೊಳಗೆ ಒಂದು ನಾಯಿಯನ್ನೂ ಕೂರಿಸಿದರು. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಶಿವನಂಜಪ್ಪನವರು ಮೊದಲ ಸಲ ನೀಲಕಂಠಸ್ವಾಮಿಯನ್ನು ತಾವಾಗಿ ಕರೆದು, ನಿನ್ನ ಬಲೂನು ಏನಾಯಿತಪ್ಪ ಎಂದು ಕೇಳಿದರು. ಮಂಗಳವಾರ ನೇಮಕದ ಸಮಿತಿ ಕೂಡುತ್ತದೆ, ಮೇಲಿನ ಆಕಾಶದಿಂದ ಒಂದೇ ಒಂದು ಗೆರೆ ತಂದು ತೋರಿಸಿದರೂ ಸಾಕು, ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ ನಿನಗೇ, ಇಲ್ಲದಿದ್ದರೆ ಮುಂದಿನ ವರ್ಷ ಡ್ರಾಯಿಂಗ್ ಕ್ಲಾಸಿಗೆ ಹೋಗು ಎಂದು ಬಿಡಿಸಿ ಹೇಳಿದರು.

ಅಷ್ಟು ಹೊತ್ತಿಗೆ ಅವನು ಕಾಲೇಜಿನ ಮೈದಾನದಿಂದ ನಾಲ್ಕು ರಬ್ಬರ್ ಬಲೂನು ಬಿಟ್ಟಾಗಿತ್ತು. ಒಂದೊಂದರ ಕೆಳಗೂ ಎರಡು ಗೇಣು ಉದ್ದದ ತಗಡಿನ ಪೆಟ್ಟಿಗೆ. ಒಳಗೆ ಗಡಿಯಾರದ ಹಾಗೆ ತಿರುಗುವ ಹಿತ್ತಾಳೆ ಉರುಳೆ, ಅದರ ಮೇಲೆ ಗಾಳಿಯ ಒತ್ತಡಕ್ಕೂ ಚಳಿಗೂ ತಕ್ಕಂತೆ ಗೆರೆ ಕೊರೆಯುವ ಸೂಜಿ. ಮೇಲೆ ಹೋದ ಬಲೂನು ಒಡೆದ ಮೇಲೆ ಪೆಟ್ಟಿಗೆ ಒಂದು ಬಟ್ಟೆಯ ಛತ್ರಿ ಹಿಡಿದು ಎಲ್ಲೋ ಇಳಿಯುತ್ತಿತ್ತು. ಸಿಕ್ಕವರಿಗೆ ತಿಳಿಯಲೆಂದು ಅವನು ಒಂದು ಚೀಟಿ ಅಂಟಿಸಿದ್ದ: 'ಇದು ಆಕಾಶ ಸಂಶೋಧನೆಯ ಪೆಟ್ಟಿಗೆ. ಒಳಗಿರುವುದು ಬಹಳ ಸೂಕ್ಷ್ಮ. ಬಿಸಿಲಿನಲ್ಲಿ ಬಿಡಬೇಡಿ. ಹೆದರಬೇಡಿ. ಜೋಪಾನವಾಗಿ ನೋಡಿಕೊಂಡು ಈ ವಿಳಾಸಕ್ಕೆ ತಿಳಿಸಿ.'

ಮೂರು ಪೆಟ್ಟಿಗೆಗಳ ಸುದ್ದಿ ಬರಲೇ ಇಲ್ಲ. ನಾಲ್ಕನೆಯದರ ಬಗ್ಗೆ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಿಂದ ಸಣ್ಣಬೀರಯ್ಯ ಎಂಬ ರೈತ ಯಾರ ಕೈಲೋ ಬರೆಸಿದ ಕಾರ್ಡು ಬಂತು. 'ಪೆಟ್ಟಿಗೆ ಕ್ಷೇಮ. ಅದೂ ಕ್ಷೇಮ. ಎರಡು ಹೊತ್ತು ಚೆನ್ನಾಗಿ ಉಣ್ಣುತ್ತದೆ. ಬೇಗ ಬಂದು ಕರೆದುಕೊಂಡು ಹೋಗುವುದು.'

ನೀಲಕಂಠಸ್ವಾಮಿ ಕಾರ್ಡನ್ನು ಮೂರು ಸಲ ಓದಿದ. ಬರೆದವರು ಎರಡು ಕಾಗದದ ವಿಷಯ ಕಲಸಿಕೊಂಡಿರಬೇಕು ಎಂದುಕೊಂಡು ಶನಿವಾರವೇ ಹುಣಸೂರಿನ ಅಕ್ಕನ ಮನೆಗೆ ಬಂದಿಳಿದ. ಭಾನುವಾರ ಬೆಳಿಗ್ಗೆ ಏಳರ ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟ್‌ಗೆ ಹೋದ.

ಬಸ್ಸಿಳಿದು ಕಂಠಪ್ಪನ ಹೋಟೆಲಿನಲ್ಲಿ ಸಣ್ಣಬೀರಯ್ಯನ ಮನೆ ಯಾವುದೆಂದು ವಿಚಾರಿಸಿದ. ಕಂಠಪ್ಪ ಇವನ ಪ್ಯಾಂಟನ್ನೂ ಕನ್ನಡಕವನ್ನೂ ನೋಡಿದವನೇ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಜೊತೆಗೆ ಹೊರಟ. ಅವನ ಹಿಂದೆ ಹೋಟೆಲಿನಲ್ಲಿದ್ದವರೆಲ್ಲ ಹೊರಟರು. ಸಣ್ಣಬೀರಯ್ಯನ ಮನೆ ಮುಟ್ಟುವಾಗ ಜನ ಮದುವೆ ದಿಬ್ಬಣದಷ್ಟಾಗಿತ್ತು.

ಜಗಲಿಯ ಮೇಲೆ ಪೆಟ್ಟಿಗೆ ಇತ್ತು. ಎಲ್ಲೂ ನಗ್ಗಿರಲಿಲ್ಲ, ಮುಚ್ಚಳಕ್ಕೆ ಹುರಿಯೂ ಕಟ್ಟಿತ್ತು. ನೀಲಕಂಠಸ್ವಾಮಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಪೆಟ್ಟಿಗೆಯ ಪಕ್ಕದಲ್ಲಿ ಗೋಣಿಯ ಮೇಲೆ, ಬಿಳಿ ಮೈ ಕಂದು ಕಿವಿಯ ಒಂದು ಸಣ್ಣ ಹೆಣ್ಣುನಾಯಿ, ಕೊರಳಲ್ಲಿ ತೊಗಲಿನ ಪಟ್ಟಿ ಹಾಕಿಕೊಂಡು, ಯಜಮಾನಿಯ ಹಾಗೆ ಮಲಗಿತ್ತು.

ಆಗಿದ್ದು ಇಷ್ಟು. ಪೆಟ್ಟಿಗೆ ಬಿದ್ದ ದಿನ ಸಣ್ಣಬೀರಯ್ಯ ಹೊಲಕ್ಕೆ ಹೋದಾಗ ಬಟ್ಟೆಯ ಛತ್ರಿಯ ಮೇಲೆ ಈ ನಾಯಿ ಮುದುರಿಕೊಂಡು ಕೂತಿತ್ತು. ಸುತ್ತ ಯಾವ ಊರಿನಲ್ಲೂ ಅಂಥ ನಾಯಿ ಇರಲಿಲ್ಲ. ರಷ್ಯದ ನಾಯಿಯ ಸುದ್ದಿಯನ್ನು ಕಂಠಪ್ಪ ಹೋಟೆಲಿನಲ್ಲಿ ಪತ್ರಿಕೆ ಹಿಡಿದು ಎಲ್ಲರಿಗೂ ಓದಿ ಹೇಳಿ ಇನ್ನೂ ವಾರ ಆಗಿರಲಿಲ್ಲ. ಚೀಟಿ ನೋಡಿದರೆ ಒಳಗಿರುವುದು ಸೂಕ್ಷ್ಮ, ಬಿಸಿಲಿಗೆ ಬಿಡಬೇಡಿ, ಹೆದರಬೇಡಿ, ಜೋಪಾನ ಮಾಡಿ. ತಗಡಿಗೆ ಯಾರಾದರೂ ಹಾಗೆ ಬರೆಯುತ್ತಾರೆಯೇ? ರಷ್ಯದವರಿಗೆ ನಾಯಿಯನ್ನು ವಾಪಸು ಇಳಿಸಲು ಬರಲಿಲ್ಲವಂತೆ, ನಮ್ಮ ಬೆಂಗಳೂರಿನವರು ಇಳಿಸಿಬಿಟ್ಟರು ಎಂದು ಕಂಠಪ್ಪ ತೀರ್ಮಾನ ಕೊಟ್ಟ. ಸಣ್ಣಬೀರಯ್ಯನ ಹೆಂಡತಿ ಮಾಯಮ್ಮ ಅಂದಿನಿಂದ ಎರಡು ಹೊತ್ತು ಹಾಲನ್ನ ಹಾಕುತ್ತಿದ್ದಳು.

ಬಲೂನಿನಲ್ಲಿ ತಾನು ನಾಯಿ ಕಳಿಸಿಲ್ಲವೆಂದು ನೀಲಕಂಠಸ್ವಾಮಿ ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ವಿವರಿಸಿದ. ಎಲ್ಲರೂ ಗೌರವದಿಂದ ಕೇಳಿದರು. ಕಂಠಪ್ಪ ಮಾತ್ರ ಪಕ್ಕದವನ ಕಡೆ ಬಾಗಿ, ಅವರಿಗೆ ಬಾಯಿ ಬಿಡಬಾರದೂಂತ ಸರ್ಕಾರದ ಆರ್ಡರ್ ಇರುತ್ತದೆ, ಬಲವಂತ ಮಾಡಬೇಡಿ ಎಂದ. ಎಲ್ಲರೂ ಅರ್ಥವಾಯಿತೆಂದು ತಲೆ ಆಡಿಸಿದರು.

ಪೆಟ್ಟಿಗೆ ಅಷ್ಟು ಚಿಕ್ಕದು, ನಾಯಿ ಹೇಗೆ ಹಿಡಿಸುತ್ತದೆ ಎಂದು ಅವನು ಕೊನೆಯ ಅಸ್ತ್ರ ಬಿಟ್ಟ.

"ಕಾಲು ಮಡಚ್ಕಂಡ್ರೆ ಹಿಡಿಸ್ತದೆ ಕಣ್ರಪ್ಪ" ಎಂದಳು ಮಾಯಮ್ಮ. "ನಾನೇ ಗೇಣಲ್ಲಿ ಅಳತೆ ನೋಡಿವ್ನಿ."

ಅಷ್ಟರಲ್ಲಿ ಪಟೇಲ ಲಿಂಗಯ್ಯನವರು ಬಂದರು. ಊರಲ್ಲಿ ವಾರಸುದಾರರಿಲ್ಲದ್ದು ಏನು ಸಿಕ್ಕರೂ ಅದರ ಮೇಲೆ ಐದು ಜನ ಪಂಚರ ಮುಂದೆ ಮಹಜರು ಬರೆಸಿ ಇಡುವುದು ಅವರ ಕೆಲಸ. ಬರೆಸಿಯೂ ಇದ್ದರು: ಹರಿದ ರಬ್ಬರು ಒಂದು, ಛತ್ರಿಬಟ್ಟೆ ಒಂದು, ತಗಡಿನ ಪೆಟ್ಟಿಗೆ ಒಂದು, ಸದರಿ ಪೆಟ್ಟಿಗೆಯಲ್ಲಿ ಆಕಾಶದಿಂದ ಇಳಿದ ನಾಯಿ ಒಂದು, ಹೆಣ್ಣು. ಕೆಳಗೆ ಐದು ಹೆಬ್ಬೆಟ್ಟು.

ರಬ್ಬರು, ಬಟ್ಟೆ ಎಲ್ಲ ನೀವೇ ಇಟ್ಟುಕೊಳ್ಳಿ, ಪೆಟ್ಟಿಗೆ ಒಂದು ಕೊಟ್ಟರೆ ಸಾಕು, ನಾಯಿ ನನ್ನದಲ್ಲ ಎಂದು ನೀಲಕಂಠಸ್ವಾಮಿ ಕೈಮುಗಿದ.

"ಮಹಜರು ಒಂದೇ ಸ್ವಾಮಿ" ಎಂದರು ಪಟೇಲರು. "ಪೆಟ್ಗೆ ನಿಮ್ದು, ನಾಯಿ ನಿಮ್ದಲ್ಲ ಅಂದ್ರೆ ನನ್ ಮಹಜರೇ ಸುಳ್ಳು ಅಂದಂಗಾಯ್ತು. ಆಮೇಲೆ ನಾನು ಎಲ್ಲಾನೂ ತಾಲ್ಲೂಕು ಕಚೇರಿಗೆ ಕಳಿಸ್ಬೇಕಾಯ್ತದೆ. ಇಚಾರಣೆ ಮುಗಿಯೋ ಹೊತ್ಗೆ ಯುಗಾದಿ ಬಂದಿರ್ತದೆ."

ಯುಗಾದಿಗೆ ನಾಲ್ಕು ತಿಂಗಳಿತ್ತು. ಮಂಗಳವಾರಕ್ಕೆ ಎರಡು ದಿನ. ನೀಲಕಂಠಸ್ವಾಮಿ ಜಗಲಿಯ ಮೇಲೆ ಕೂತು ಬಹಳ ಹೊತ್ತು ಯೋಚನೆ ಮಾಡಿದ. ಗಣಿತದಲ್ಲಿ ಒಂದು ಸೊನ್ನೆ ತಪ್ಪಿದರೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಬಯ್ಯುತ್ತಿದ್ದ ಮನುಷ್ಯ ಅವನು. ಕೊನೆಗೆ ಪೆನ್ನು ತೆಗೆದು, 'ಮೇಲ್ಕಂಡ ನಾಯಿ ಮೇಲ್ಕಂಡ ಪೆಟ್ಟಿಗೆಯಲ್ಲೇ ಆಕಾಶದಿಂದ ಬಂದದ್ದು ನಿಜ. ಎರಡನ್ನೂ ನನ್ನ ವಶಕ್ಕೆ ತೆಗೆದುಕೊಂಡಿದ್ದೇನೆ' ಎಂದು ಪಟೇಲರು ಹೇಳಿದಂತೆ ಬರೆದು ರುಜು ಹಾಕಿದ. ಕೆಳಗೆ ಎಂ.ಎಸ್ಸಿ. ಎಂದೂ ಬರೆಯಿರಿ ಎಂದು ಪಟೇಲರು ಸೂಚಿಸಿದರು. ಅದನ್ನೂ ಬರೆದ.

ಅವನು ಬರೆಯುವಷ್ಟರಲ್ಲಿ ಮಾಯಮ್ಮ ಪೆಟ್ಟಿಗೆಯನ್ನು ಒಳಗೆ ಒಯ್ದು, ದಾರಿಯಲ್ಲಿ ಧೂಳು ಕೂರದಿರಲೆಂದು ಹಳೇ ಸೀರೆಯಲ್ಲಿ ಗಂಟು ಕಟ್ಟಿ ತಂದುಕೊಟ್ಟಳು. ನಾಯಿಯ ತಲೆ ಸವರಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹನ್ನೆರಡೂವರೆಯ ಬಸ್ಸಿನಲ್ಲಿ ನಾಯಿಗೆ ಜಾಗವಿಲ್ಲ ಎಂದು ಕಂಡಕ್ಟರ್ ತಕರಾರು ತೆಗೆದ. ಎಲ್ಲಿಂದ ಬಂದ ನಾಯಿ ಎಂದು ಕಂಠಪ್ಪ ಅವನ ಕಿವಿಯಲ್ಲಿ ಹೇಳಿದ್ದೇ ತಡ, ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ ಆ ಜಾಗದಲ್ಲಿ ಇವರಿಬ್ಬರನ್ನು ಕೂರಿಸಿದ. ಆಮೇಲೆ ಇಡೀ ಬಸ್ಸು ಪ್ರಶ್ನೆ ಕೇಳಿತು. ಮೇಲೆ ನೀರು ಸಿಗುತ್ತದೆಯೇ? ಕೆಳಗೆ ಬರುವಾಗ ಕೂಗಿಕೊಂಡಿತೇ? ಈ ಸಲ ರಾಗಿ ಕೊಯ್ಲಿಗೆ ಮಳೆ ಅಡ್ಡ ಬರುವುದುಂಟೇ, ಮೋಡದ ಹತ್ತಿರ ಹೋಗಿ ಬಂದವರಿಗೆ ಗೊತ್ತಿರಬೇಕಲ್ಲ? ನೀಲಕಂಠಸ್ವಾಮಿ ಗಂಟನ್ನು ತೊಡೆಯ ಮೇಲೆ, ನಾಯಿಯನ್ನು ಗಂಟಿನ ಮೇಲೆ ಇಟ್ಟುಕೊಂಡು, ಕಲ್ಲಿನ ಬಸವನ ಹಾಗೆ ಕೂತಿದ್ದ.

ಅರ್ಧ ದಾರಿಯಲ್ಲಿ ಎಂಜಿನ್‌ಗೆ ನೀರು ಹುಯ್ಯಲು ಬಸ್ಸು ನಿಂತಿತು. ಅವನು ನಾಯಿಯನ್ನು ಹೊಂಗೆ ಮರದ ಕೆಳಗೆ ಬಿಟ್ಟು, ಏನೂ ಗೊತ್ತಿಲ್ಲದವನಂತೆ ಬಂದು ಕೂತ. ಬಸ್ಸು ಹೊರಡುವ ಮೊದಲೇ ಒಬ್ಬ ಮುದುಕ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿ ಬಂದ.

"ಆಕಾಸದಿಂದ ಕರ್ಕಂಡ್ ಬಂದೋರಿಗೆ ಉಣಸೂರ್ ಗಂಟ ಕರ್ಕಂಡ್ ಹೋಗಕ್ಕಾಗಕಿಲ್ವಾ?" ಎಂದು ಕೇಳಿ ಅದನ್ನು ಅವನ ತೊಡೆಯ ಮೇಲೆ ವಾಪಸು ಇಟ್ಟ.

ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನ ಪುಣ್ಯ ಖುಲಾಯಿಸಿತು. ಬಸ್ಸು ನಿಲ್ಲುತ್ತಲೇ ನಾಯಿ ಚಂಗನೆ ಹಾರಿ, ಎದುರಿಗೆ ನಿಂತಿದ್ದ ಮರದ ದಿಮ್ಮಿಯ ಲಾರಿಯ ಕಡೆ ಓಡಿತು. ಲಾರಿಯ ಒಡೆಯ, ಮರದ ಕಂಟ್ರಾಕ್ಟರ್ ನಂಜಣ್ಣ, ಅದನ್ನು ಬಾಚಿ ಎತ್ತಿಕೊಂಡ. ಹತ್ತು ದಿನದ ಹಿಂದೆ ಕಾಡಿನಿಂದ ಬರುವಾಗ ಹ್ಯಾಂಡ್‌ಪೋಸ್ಟ್ ತಿರುವಿನಲ್ಲಿ ಲಾರಿಯಿಂದ ಬಿದ್ದುಹೋಗಿತ್ತಂತೆ. ಇದು ಆಕಾಶದಿಂದ ಬಂದ ನಾಯಿ ಎಂದು ಬಸ್ಸಿನವರು ವಾದಿಸಿದರು.

"ಗಾವಡಗೆರೇಲಿ ನಮ್ಮಕ್ಕನ ಕೊಟ್ಟಿಗೇಲಿ ಉಟ್ಟಿದ್ದು ಕಣ್ರೀ ಇದು" ಎಂದ ನಂಜಣ್ಣ. "ಇದರವ್ವ ಇನ್ನೂ ಅಲ್ಲೇ ಅವಳೆ, ಹೋಗಿ ಕೇಳ್ಕಳಿ."

ಬಸ್ಸಿನವರ ಮುಖ ಸಪ್ಪಗಾಯಿತು. ಅಷ್ಟು ಜನರಲ್ಲಿ ಸಂತೋಷಪಟ್ಟವನು ನೀಲಕಂಠಸ್ವಾಮಿ ಒಬ್ಬನೇ. ಬೆಳಗಿನಿಂದ ತಾನು ಹೇಳುತ್ತಿದ್ದ ಮಾತು ಕೊನೆಗೂ ನಿಜವಾಗಿತ್ತು. ನಂಜಣ್ಣ ಅವನ ಕೈ ಹಿಡಿದು ಉಪಕಾರ ಸ್ಮರಿಸಿ, ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆ.ಆರ್. ನಗರದ ಕಡೆಗೆ ಲಾರಿ ಬಿಟ್ಟ.

ಅಕ್ಕನ ಮನೆಗೆ ಬಂದು ನೀಲಕಂಠಸ್ವಾಮಿ ಕೈಕಾಲು ತೊಳೆದುಕೊಂಡ. ಅಕ್ಕ ಸರ್ವಮಂಗಳ ಉತ್ಸಾಹದಿಂದ ಗಂಟು ಬಿಚ್ಚಿದಳು. ಅವನು ತಾನೇ ಹುರಿ ಸಡಿಲಿಸಿ ಮುಚ್ಚಳ ಎತ್ತಿದ.

ಉರುಳೆ ಇರಲಿಲ್ಲ. ಸೂಜಿ ಇರಲಿಲ್ಲ. ಮೆತ್ತಗೆ ಒಣಹುಲ್ಲು ಹಾಸಿ, ಅದರ ಮೇಲೆ ಹಳೇ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿತ್ತು. ಮೂಲೆಯಲ್ಲಿ ಒಂದು ಗಿಟಕು ಕೊಬ್ಬರಿ, ಎಲೆಯಲ್ಲಿ ಸುತ್ತಿದ ಎರಡು ರಾಗಿ ರೊಟ್ಟಿ.

"ಏನೋ ಇದು, ಬಾಣಂತಿ ಕೋಣೆ ಇದ್ದ ಹಾಗಿದೆ?" ಎಂದಳು ಸರ್ವಮಂಗಳ.

ನೀಲಕಂಠಸ್ವಾಮಿ ಪೆಟ್ಟಿಗೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ನಾಲ್ಕರ ಬಸ್ಸು, ಆ ದಿನದ ಕೊನೆಯದು, ಹೊರಟು ನಿಂತಿತ್ತು.

ಹೊತ್ತು ಮುಳುಗುವಾಗ ಅವನು ಮತ್ತೆ ಸಣ್ಣಬೀರಯ್ಯನ ಜಗಲಿ ಹತ್ತಿದ. ಮಾಯಮ್ಮ ಹೊರಗೆ ಬಂದವಳು ಅವನನ್ನು ನೋಡುವ ಬದಲು ಅವನ ಹಿಂದೆ ನೋಡಿದಳು. ಒಳಗಿದ್ದ ಸಾಮಾನು ಎಲ್ಲಿ ಎಂದು ಅವನು ಏದುಸಿರು ಬಿಡುತ್ತ ಕೇಳಿದ. ಅವಳು ಗಾಬರಿಯಾಗಲಿಲ್ಲ. ಒಳಗಿನಿಂದ ಒಂದು ಮೊರ ತಂದಳು. ಅದರಲ್ಲಿ ಉರುಳೆ, ಸೂಜಿ, ತಿರುಪು, ಒಂದೂ ಮುಕ್ಕಾಗದೆ, ಬಟ್ಟೆಯ ಮೇಲೆ ಸಾಲಾಗಿ ಇದ್ದವು. ಉರುಳೆಯ ಮೇಲೆ ಕೂದಲೆಳೆಯಂಥ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಹತ್ತು ಮೈಲಿಗೂ ಮೇಲಿನ ಗೆರೆ.

"ಕಬ್ಬಿಣ ಒತ್ತತಿತ್ತು ಕಣಪ್ಪ, ಅದಕ್ಕೇ ತೆಗೆದಿಟ್ಟೆ" ಎಂದಳು. "ಇನ್ನೊಂದ್ ಸಲ ಮೇಲಕ್ಕೋಗುವಾಗನಾರ ಅದಕ್ಕೆ ಮೆತ್ತಗಿರ್ಲಿ ಅಂತ. ನಾಯಿ ಎಲ್ಲಿ?"

ನೀಲಕಂಠಸ್ವಾಮಿಗೆ ಆ ಗೆರೆ ಕಂಡ ಸಂತೋಷದಲ್ಲಿ ಸುಳ್ಳು ಹೇಳಲು ತೋಚಲಿಲ್ಲ. ನಾಯಿ ಆಕಾಶದ್ದಲ್ಲ, ಹುಣಸೂರಿನ ನಂಜಣ್ಣನದು, ಗಾವಡಗೆರೆಯಲ್ಲಿ ಹುಟ್ಟಿದ್ದು, ಅವನೇ ತೆಗೆದುಕೊಂಡು ಹೋದ ಎಂದು ನಡೆದದ್ದನ್ನೆಲ್ಲ ಹೇಳಿ, ನಾನು ಬೆಳಿಗ್ಗೆಯೇ ಹೇಳಲಿಲ್ಲವೇ ಎಂದ. ಮಾಯಮ್ಮ ಮೊರವನ್ನು ಎದೆಗೆ ಒತ್ತಿಕೊಂಡು ಪಟೇಲರಿಗೆ ಹೇಳಿಕಳಿಸಿದಳು.

ಪಟೇಲರು ಬಂದು, ಪೂರ್ತಿ ಕೇಳಿಸಿಕೊಂಡು, ಮಹಜರು ಬಿಚ್ಚಿ ಮತ್ತೊಮ್ಮೆ ಓದಿದರು.

"ಅಂದ್ರೆ ನಾಯಿ ಪೆಟ್ಗೇಲಿ ಬಂದದ್ದಲ್ಲ?"

"ಅಲ್ಲ ಪಟೇಲರೇ."

"ನಿಮ್ದೂ ಅಲ್ಲ?"

"ಅಲ್ಲವೇ ಅಲ್ಲ."

"ಅಂಗಾರೆ ನಿಮ್ಮ ರುಜು ಸುಳ್ಳು. ಆ ರುಜು ಮೇಲೇ ನಾನು ಪೆಟ್ಗೆ ಕೊಟ್ಟಿದ್ದು" ಎಂದರು ಪಟೇಲರು, ಸಿಟ್ಟಿಲ್ಲದೆ. "ಅದನ್ನ ಇಲ್ಲಿ ಇಡಿ ಸ್ವಾಮಿ."

ಹುಲ್ಲು, ಬಟ್ಟೆ ತೆಗೆಸಿ ಉರುಳೆ ಮತ್ತು ಸೂಜಿಯನ್ನು ನೀಲಕಂಠಸ್ವಾಮಿಯ ಕೈಯಿಂದಲೇ ಒಳಗೆ ಸರಿಯಾಗಿ ಇಡಿಸಿದರು. ಅವನ ಕಣ್ಣ ಮುಂದೆಯೇ ಹುರಿ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಿದರು. ಬೆಳಿಗ್ಗೆ ಅದು ತಾಲ್ಲೂಕು ಕಚೇರಿಗೆ ಹೋಯಿತು. ಮಾಯಮ್ಮ ರೊಟ್ಟಿಯನ್ನು ಮಾತ್ರ ವಾಪಸು ಇಸಕೊಳ್ಳಲಿಲ್ಲ. ಹಸಿದಿದ್ದೀರಿ, ತಿನ್ನಿ ಎಂದಳು. ಅವನು ತಿಂದ.

ಮಂಗಳವಾರ ಸಮಿತಿಯ ಮುಂದೆ ನೀಲಕಂಠಸ್ವಾಮಿ ಬರಿಗೈಯಲ್ಲಿ ನಿಂತ. ಗೆರೆ ಸಿಕ್ಕಿದೆ, ನಾನೇ ಕಣ್ಣಾರೆ ನೋಡಿದ್ದೇನೆ, ಪೆಟ್ಟಿಗೆ ವಿಚಾರಣೆಯಲ್ಲಿದೆ ಎಂದ. ಏನು ವಿಚಾರಣೆ ಎಂದು ಅಧ್ಯಕ್ಷರು ಕೇಳಿದರು. ಅವನು ಮೊದಲಿನಿಂದ ಹೇಳತೊಡಗಿದ. ಲಾರಿಯ ತನಕ ಬರುವಾಗ ಅವರು ಕೈ ಎತ್ತಿ ಸಾಕೆಂದರು.

ಆ ದಿನದ ನಡಾವಳಿಯಲ್ಲಿ ಅವನ ಹೆಸರಿನ ಎದುರು ಇಷ್ಟೇ ಇದೆ: 'ಅಭ್ಯರ್ಥಿಯನ್ನು ಆಕಾಶದ ವಿಷಯ ಕೇಳಲಾಯಿತು. ನಾಯಿಯ ವಿಷಯ ಹೇಳಿದರು.'