ಗಡಿಯಾರದಣ್ಣನ ಮೆಚ್ಚಿನ ಆಟಗಾರ

ಗಡಿಯಾರ ರಿಪೇರಿಯ ಅಣ್ಣ ಸತ್ತದ್ದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ತನ್ನ ಮೆಚ್ಚಿನ ಆಟಗಾರ ಯಾರೆಂದು ಬಾಯಿಬಿಡದೆ ಸತ್ತನಲ್ಲ, ದರ್ಜಿಯ ಕುತ್ತಿಗೆಗೆ ಬಂದದ್ದು ಅದೇ.

ಮೇಜಿನ ಮೇಲಿನ ಚೆಂಡುಗಳನ್ನು ಕೋಲಿನಿಂದ ಗುಳಿಗೆ ತಳ್ಳುವ ಪೂಲ್ ಆಟಕ್ಕೆ ಅವರೆಲ್ಲ ಸೇರುತ್ತಿದ್ದ ಕ್ಲಬ್ಬಿನಲ್ಲೊಂದು ಪದ್ಧತಿ. ಸದಸ್ಯರು ಯಾರಾದರೂ ತೀರಿಕೊಂಡರೆ ಮರುದಿನ ಸಂಜೆ ಮನೆಯವರನ್ನು ಕರೆಸಿ, ಸತ್ತವರು ಮೆಚ್ಚಿದ ದೊಡ್ಡ ಆಟಗಾರನ ಶೈಲಿಯಲ್ಲೇ ಒಂದು ಆಟ ಆಡಿ ಬೀಳ್ಕೊಡುವುದು. ಆಡುವವನು ಯಾವಾಗಲೂ ದರ್ಜಿ. ಟೀವಿಯಲ್ಲಿ ಕಂಡ ಯಾರನ್ನೇ ಆದರೂ ಅಳತೆ ತೆಗೆದು ಹೊಲಿದಂತೆ ಇಳಿಸುತ್ತಿದ್ದ. ಈ ಸಲ ಮಾತ್ರ ಯಾರನ್ನು ಇಳಿಸಬೇಕೆಂದೇ ಗೊತ್ತಿರಲಿಲ್ಲ. ವರ್ಷಾನುಗಟ್ಟಲೆ ಬೆಂಚಿನ ಮೇಲೆ ಕೂತು ತನ್ನ ಆಟ ನೋಡಿದ ಜೀವ. ತಪ್ಪು ಆಟ ಆಡಿ ಕಳಿಸುವುದು ಹೇಗೆ?

"ಬಿರುಗಾಳಿನೇ ಅವನಿಗಿಷ್ಟ," ಅಂದ ಬೇಕರಿಯವ. ಟೀವಿಯ ಆಟಗಾರರಿಗೆ ಕ್ಲಬ್ಬಿನವರು ಇಟ್ಟ ಅಡ್ಡಹೆಸರುಗಳಿವು; ಬಿರುಗಾಳಿ ಎಂದರೆ ನೋಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡನ್ನು ಗುಳಿಗೆ ಅಟ್ಟುವವನು.

"ಏ ಹೋಗಯ್ಯ! ಗಡಿಯಾರದವನಿಗೆ ಅವಸರ ಎಲ್ಲಿಂದ? ಆಮೆ ಕಣಯ್ಯ," ಅಂದರು ಹಲ್ಲಿನ ಡಾಕ್ಟರು. ಆಮೆ ಪ್ರತಿ ಹೊಡೆತಕ್ಕೂ ಮುಂಚೆ, ಕಳೆದುಹೋದ ಓಲೆ ಹುಡುಕುವವಳಂತೆ ಮೇಜು ಸುತ್ತುವವಳು.

"ಇಬ್ರೂ ಅಲ್ಲ, ಬೆಣ್ಣೆಗೈ," ಅಂದಳು ಕ್ಲಬ್ಬಿನ ಯಜಮಾನಮ್ಮ. ಬೆಣ್ಣೆಗೈ ಬಿಳಿ ಚೆಂಡನ್ನು ತನಗೆ ಬೇಕಾದಲ್ಲೇ ಮಗುವಿನಂತೆ ಮಲಗಿಸುವವನು.

"ಅಣ್ಣನ ಮನೇಲಿ ಅತ್ತಿಗೇನ ಕೇಳೋಣ್ವಾ?" ಅಂದ ದರ್ಜಿ.

"ಅಳ್ತಿರೋರ ಹತ್ರ ಇದನ್ನ ಕೇಳ್ತಾರೇನೋ, ಬುದ್ಧಿ ಬೇಡ್ವಾ?" ಎಂದು ಮೂವರೂ ಮೈಮೇಲೆ ಬಿದ್ದರು. ಆ ಒಂದು ಮಾತಿನಲ್ಲಷ್ಟೇ ಮೂವರಿಗೂ ಒಮ್ಮತವಿತ್ತು.

ಮರುದಿನ ಬೆಳಗ್ಗೆಯೇ ತಾಲೀಮು ಶುರುವಾಯಿತು. ಬಿರುಗಾಳಿಯಂತೆ ಬೀಸಿದ ಹೊಡೆತಕ್ಕೆ ಬಿಳಿ ಚೆಂಡು ಮೇಜು ಹಾರಿ ಬೇಕರಿಯವನ ಕಾಲಿನ ಹೆಬ್ಬೆರಳಿಗೆ ಬಿತ್ತು. "ಅಯ್ಯಯ್ಯೋ, ನನ್ನೂ ಅವನ ಹಿಂದೇನೇ ಕಳಿಸ್ತೀಯೇನೋ!" ಆಮೆಯಂತೆ ಸುತ್ತುತ್ತಿದ್ದರೆ, ಆಮೆಯೇ ಸೈ ಎಂದಿದ್ದ ಡಾಕ್ಟರು ಗೊರಕೆ ಹೊಡೆದರು. ಬೆಣ್ಣೆಗೈಯ ಸರದಿಯಲ್ಲಿ ಯಜಮಾನಮ್ಮ ಅವನ ಮೊಣಕೈ ಹಿಡಿದು, "ಮೆತ್ತಗೆ ಕಣೋ, ಹೊಲಿಗೆ ಮಿಷನ್ ಅಲ್ಲ ಇದು!" ಎಂದು ಗದರಿದಳು. ಮಧ್ಯಾಹ್ನದ ಹೊತ್ತಿಗೆ ಪಂಚಾಯಿತಿ ಮುಗಿಯಿತು: ಆರಂಭ ಬಿರುಗಾಳಿ, ನಡುವೆ ಆಮೆ, ಕೊನೆಗೆ ಬೆಣ್ಣೆಗೈ. ಮೂವರ ಅಂಗಿಯನ್ನು ಒಬ್ಬನಿಗೇ ತೊಡಿಸಿದ ಹಾಗಾಯಿತು ದರ್ಜಿಗೆ.

ಸಂಜೆ ಅತ್ತಿಗೆ ಬಂದು ಗಂಡ ಕೂರುತ್ತಿದ್ದ ಬೆಂಚಿನಲ್ಲೇ ಕೂತರು. ದರ್ಜಿ ಅಂಗಿಯ ತೋಳು ಮಡಚಿ, ಬಿರುಗಾಳಿಯಂತೆ ಭುಜ ಕುಣಿಸಿ ಬಗ್ಗಿದ.

"ಇದ್ಯಾರ ಥರ ಆಡ್ತಿದ್ದೀರಿ?" ಎಂದರು ಅತ್ತಿಗೆ.

ದರ್ಜಿ ತಡವರಿಸಿದ. "ಅಣ್ಣಂಗೆ ಇಷ್ಟದೋರು ಅಂತ..."

"ಟೀವಿಯೋರು ಯಾರೂ ಅವರಿಗೆ ಹಿಡಿಸ್ತಿರ್ಲಿಲ್ಲ. ಮನೆಗೆ ಬಂದ್ರೆ ನಿಮ್ಮದೇ ಸುದ್ದಿ. 'ಎಲ್ಲರ ಥರಾನೂ ಆಡ್ತಾನೆ ಕಣೆ, ಒಂದಿನ ಬೇಜಾರಾಗಿ ತನ್ನ ಥರ ಆಡ್ತಾನೆ, ಅದನ್ನ ನೋಡ್ಬೇಕು' ಅಂತ ದಿನಾ ಇಲ್ಲಿಗೆ ಬರೋರು." ಅವರು ಸೆರಗಿನಲ್ಲಿ ಮೂಗೊರೆಸಿಕೊಂಡರು. "ಅವರ ಬದಲು ನಾನು ನೋಡ್ತೀನಿ. ನಿಮ್ಮ ಥರಾನೇ ಆಡಿ."

ಬೇಕರಿಯವನೂ ಡಾಕ್ಟರೂ ಯಜಮಾನಮ್ಮನೂ ಮೇಜು ಬಿಟ್ಟು ಹಿಂದೆ ಸರಿದರು.

ದರ್ಜಿ ಬಗ್ಗಿದ. ಎಡಗಾಲು ಮುಂದಿಟ್ಟ, ಅದು ಆಮೆಯದು. ಹಿಂದಕ್ಕೆಳೆದ, ಬಿರುಗಾಳಿಯದು. ಬೆರಳು ಸಡಿಲಿಸಿದ, ಅದು ಬೆಣ್ಣೆಗೈಯದು. ನೆಟ್ಟಗೆ ನಿಂತ. ಮತ್ತೆ ಬಗ್ಗಿದ.

"ನಿಧಾನಕ್ಕೆ ಆಡಿ," ಎಂದರು ಅತ್ತಿಗೆ. "ನಂಗೇನೂ ಅವಸರ ಇಲ್ಲ."

ದೀಪ ಹಾಕುವ ಹೊತ್ತಾದರೂ ದರ್ಜಿಯ ಕೋಲು ಚೆಂಡನ್ನು ಮುಟ್ಟಿರಲಿಲ್ಲ.