ಕನ್ನಡಿ ಎತ್ತಿ ಕಾಯುವ ನಮ್ಮ ಮಾವ

ಕ್ಯಾಮೆರಾದಲ್ಲಿ ಏನೂ ಕಾಣದಿದ್ದಾಗಲೇ ಫೋಟೊ ತೆಗೆಯಬೇಕು ಎಂದು ಹಟ ಹಿಡಿಯುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲದಿದ್ದರೆ ಬೆಳಗೊಳಕ್ಕೆ ಬನ್ನಿ, ನಮ್ಮ ಸೋದರಮಾವ ಇದ್ದಾರೆ! ನೀರಾವರಿ ಇಲಾಖೆಯಿಂದ ಅವರು ನಿವೃತ್ತರಾದರೂ, ನನಗಿಂತ ವಯಸ್ಸಾದ ಅವರ ರೀಲಿನ ಕ್ಯಾಮೆರಾಕ್ಕೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಅದಕ್ಕೆ ಸೆಲ್ಲು ಬೇಡ, ಕರೆಂಟು ಬೇಡ. ಬೇಕಾದದ್ದು ಎದುರಿಗೆ ನಿಂತವರ ತಾಳ್ಮೆಯೊಂದೇ.

ಅದರ ಹೊಟ್ಟೆಯಲ್ಲೊಂದು ಕನ್ನಡಿ ಇದೆ. ಗುಂಡಿ ಒತ್ತಿದಾಗ ಅದು ಟಪ್ಪೆಂದು ಮೇಲೆದ್ದು ಕ್ಯಾಮೆರಾವನ್ನೇ ಅದುರಿಸುತ್ತದಂತೆ. ಅದಕ್ಕೇ ಮಾವ ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸಿ, ಅದುರಾಟ ಅಡಗುವವರೆಗೆ ಕಾದು, ಆಮೇಲೆ ಕ್ಯಾಮೆರಾಕ್ಕೆ ಸಿಕ್ಕಿಸಿದ ವೈರಿನ ತುದಿಯ ಗುಂಡಿ ಒತ್ತುತ್ತಾರೆ. ಕನ್ನಡಿ ಎದ್ದಮೇಲೆ ಕಿಂಡಿಯಲ್ಲಿ ಇಣುಕಿದರೆ ಬರೀ ಅಮಾವಾಸ್ಯೆ!

ಒಮ್ಮೆ ಅರಕೆರೆಯ ಬೀಗರೂಟದಲ್ಲಿ ನಲವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಕನ್ನಡಿ ಎತ್ತಿದರು. ಆಮೇಲೆ ಕಣ್ಣು ಮುಚ್ಚಿ ಇಪ್ಪತ್ತರವರೆಗೆ ಎಣಿಸುವುದು ಅವರ ಪದ್ಧತಿ. ಹನ್ನೆರಡಕ್ಕೆ ಬರುವಷ್ಟರಲ್ಲಿ ಯಾರೋ "ಎಲೆ ಹಾಕವ್ರೆ, ಬರ್ರಪ್ಪೋ!" ಎಂದು ಕೂಗಿದರು. ಬೀಗರೂಟದ ಬಾಡಿನ ಮುಂದೆ ಫೋಟೊ ಯಾವ ಲೆಕ್ಕ? ರೀಲು ತೊಳೆಸಿದಾಗ ಬಂದದ್ದು ಒಂದು ಉದ್ದನೆಯ ಬೆಂಚು, ಅದರ ಮೇಲೆ ಕಿವಿ ಕೇಳಿಸದ ಒಬ್ಬ ಅಜ್ಜ! ಮಾವನಿಗೆ ಚೂರೂ ಬೇಜಾರಿಲ್ಲ.

"ಬೆಂಚಿನ ಮೊಳೆ ನೋಡ್ಲಾ, ಒಂದೊಂದೂ ಎಣಿಸ್ಬೋದು!" ಎಂದು ನನಗೇ ತೋರಿಸಿದರು.

ಇಂಥವರಿಗೆ ಸಿಕ್ಕ ಗಟ್ಟಿ ಗಿರಾಕಿ ನಮ್ಮವ್ವ, ಮಾವನ ಸ್ವಂತ ಅಕ್ಕ. ಅವ್ವನಿಗೆ ನಾಲ್ಕೈದು ವರ್ಷಗಳಿಂದ ತಲೆ ಅದುರುವ ಕಾಯಿಲೆ. ಯಾರ ಮೊಬೈಲಿನಲ್ಲೂ ಮುಖ ಕಲಸಿಹೋಗುತ್ತದೆ ಎಂದು ಫೋಟೊ ಎಂದ ಕೂಡಲೇ ಅಡುಗೆಮನೆ ಸೇರುತ್ತಾಳೆ. ಮೊಮ್ಮಗಳ ನಾಮಕರಣದ ಆಲ್ಬಮ್ಮಿನಲ್ಲೂ ಅವಳಿಲ್ಲ. ಇದು ಮಾವನಿಗೆ ಸಹಿಸಲಾಗದ ಸಂಗತಿ.

"ನೀನು ಕನ್ನಡಿ ನಿಲ್ಲಿಸ್ಬೋದು ಕಣ್ಲಾ, ನನ್ ತಲೆ ನಿಲ್ಲಿಸಕಾಯ್ತದಾ?" ಎಂದಳು ಅವ್ವ.

"ನಿಲ್ಲೋಗಂಟ ಕಾಯ್ತೀನಿ, ಕೂತ್ಕೊಳಕ್ಕ," ಎಂದರು ಮಾವ.

ಜಗಲಿಯ ಮೇಲೆ ಕುರ್ಚಿ ಬಂತು, ಕ್ಯಾಮೆರಾ ಸ್ಟ್ಯಾಂಡು ಏರಿತು. ಅಷ್ಟರಲ್ಲಿ ಕಬ್ಬಿನ ಟ್ರಾಕ್ಟರೊಂದು ಗುಡುಗಿಕೊಂಡು ಬರಬೇಕೇ! ಮಾವ ನಡುರಸ್ತೆಗೆ ಓಡಿದರು.

"ಆಫ್ ಮಾಡ್ಲಾ, ನೆಲ ಅದುರ್ತದೆ!"

"ಆಫ್ ಮಾಡುದ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ ಗೌಡ್ರೇ," ಎಂದ ಡ್ರೈವರು. ಆದರೂ ನಿಲ್ಲಿಸಿದ; ಅವನು ಹೇಳಿದಂತೆಯೇ ಆಯಿತು. ಪಾಪ, ಅವನೂ ಇಳಿದು ಬಂದು ಜಗಲಿಯ ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತ.

ಅವತ್ತು ಮಾವ ಎಣಿಸಲಿಲ್ಲ. ಕನ್ನಡಿ ಎತ್ತಿ, ವೈರು ಹಿಡಿದು, ಅವ್ವನ ಎದುರಿಗೇ ನೆಲದ ಮೇಲೆ ಕೂತರು. ತನಗೆ ನಾಲೆಯಲ್ಲಿ ಈಜು ಕಲಿಸಿದ್ದು ಅವಳೇ ಅಲ್ಲವೇ ಎಂದು ಮಾತು ತೆಗೆದರು. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ. ಅವಳ ತಲೆ ಒಂದು ಗಳಿಗೆ ನಿಂತಿತು ಅನ್ನಿಸಿದಾಗಲೆಲ್ಲ ಗುಂಡಿ ಒತ್ತಿದರು. ಮತ್ತೆ ಕನ್ನಡಿ, ಮತ್ತೆ ಕಾಯುವುದು. ಮಧ್ಯಾಹ್ನದ ಹೊತ್ತಿಗೆ ಮೂವತ್ತಾರು ಫೋಟೊಗಳ ರೀಲು ಪೂರ್ತಿ ಮುಗಿಯಿತು.

ಮೈಸೂರಿನಲ್ಲಿ ತೊಳೆಸಿ ತಂದಾಗ ಮೂವತ್ತೈದರಲ್ಲಿ ಅವ್ವ ಮಂಜಾಗಿದ್ದಳು. ಒಂದೇ ಒಂದರಲ್ಲಿ ಮೂಗುತಿಯ ಹರಳು, ಕಣ್ಣಿನ ರೆಪ್ಪೆ, ತುಟಿಯಂಚಿನ ನಗು, ಎಲ್ಲ ಇತ್ತು. ಊರು ಏನಾದರೂ ಅಂದುಕೊಳ್ಳಲಿ, ಇಂಥ ಮಾವ ಇನ್ಯಾರಿಗಿದ್ದಾರೆ ಎಂದು ನನಗೆ ಹೆಮ್ಮೆಯಿಂದ ಎದೆಯುಬ್ಬಿತು.

ಅವ್ವ ಆ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ನನ್ ಮುಖ ಇನ್ನೂ ಇಂಗೇ ಅದಾ?"

"ನಂಗೆ ದಿನಾ ಇಂಗೇ ಕಾಣೋದು ಕಣಕ್ಕ," ಎಂದರು ಮಾವ.