ಹಗ್ಗದ ತುದಿಯಿಂದ ನನ್ನನ್ನು ಬಿಡಿಸಿದ ರೋಮನ್ ಗುಮಾಸ್ತರಿಗೆ

ರೋಮ್ ಸಾಮ್ರಾಜ್ಯದ ಗಡಿ ಕಚೇರಿಯಲ್ಲಿ ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ಸೇವೆ ಸಲ್ಲಿಸಿದ, ಹೆಸರು ತಿಳಿಯದ ಗುಮಾಸ್ತರ ಸನ್ನಿಧಿಗೆ ಕೇತ್ನೆಸ್ ಸೀಮೆಯ ಕುರಿ ಸಾಕಣೆಗಾರ ಟಾರ್ಕ್ವಿಲ್ ಗನ್ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ತಮ್ಮ ಕ್ಷೇಮ ವಿಚಾರಿಸುವುದಕ್ಕೆ ಸ್ವಲ್ಪ ತಡವಾಗಿದೆ, ಆದರೂ ಮರ್ಯಾದೆಗೆ ವಿಚಾರಿಸಿದ್ದೇನೆ. ಐರ್ಲೆಂಡಿನಿಂದ ದೋಣಿಯೇರಿ ಬಂದು ಕೊಳ್ಳೆ ಹೊಡೆಯುತ್ತಿದ್ದವರನ್ನು ತಾವು ಕಡತದಲ್ಲಿ ‘ಸ್ಕಾಟಿ’ ಎಂದು ಬರೆದಿರಿ. ಹಾಗೆಂದರೇನೆಂದು ಪಕ್ಕದಲ್ಲಿ ಒಂದು ಸಾಲು ಬರೆಯಲು ತಮಗೆ ಪುರುಸೊತ್ತಾಗಲಿಲ್ಲವಾದ್ದರಿಂದ ವಿದ್ವಾಂಸರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಆ ಜನ ಇಲ್ಲೇ ನೆಲೆಯೂರಿದರು, ರಾಜ್ಯ ಕಟ್ಟಿದರು, ಸ್ಕಾಟರ ನಾಡೆಂದು ಆ ಹೆಸರು ನಮ್ಮ ದೇಶಕ್ಕೇ ಅಂಟಿಕೊಂಡಿತು. ಒಂದೇ ಪದದಲ್ಲಿ ನಮ್ಮೆಲ್ಲರನ್ನೂ ಪಕ್ಕದ ಮನೆಯವರ ಹೆಸರಿಗೆ ಬರೆದುಕೊಟ್ಟ ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು.

ನಮ್ಮೂರ ಬೇಸಿಗೆ ಕ್ರೀಡಾಕೂಟದ ಹಗ್ಗಜಗ್ಗಾಟದಲ್ಲಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕಟ್ಟಕಡೆಗೆ ನಿಲ್ಲುವ ಜಾಗ ಇಪ್ಪತ್ತೆರಡು ವರ್ಷಗಳಿಂದ ನನ್ನದು. ಕಳೆದ ವರ್ಷ ಮಗಳು ಕರ್ಸ್ಟಿ ಐರ್ಲೆಂಡಿನ ಕಾರ್ಮಾಕ್‌ನನ್ನು ಮದುವೆಯಾದಳು. ಅಳಿಯ ಒಳ್ಳೆಯವನೇ, ಆದರೆ ನಮ್ಮ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬರಬೇಕಾದಷ್ಟು ಅಗಲ. ತಂಡದವರ ಕಣ್ಣು ಅವನ ಭುಜದ ಮೇಲೆ ಬಿದ್ದದ್ದನ್ನು ಕಂಡು ನನಗೆ ಹೊಟ್ಟೆ ಉರಿಯಿತು. ‘ಹಗ್ಗ ಹಿಡಿಯುವವರು ಮೂಲತಃ ಸ್ಕಾಟರೇ ಆಗಿರತಕ್ಕದ್ದು’ ಎಂಬ ನಿಯಮವನ್ನು ನಾನೇ ಬರೆದು, ನಾನೇ ಮಂಡಿಸಿ, ಮೊದಲು ಕೈಯೆತ್ತಿದವನೂ ನಾನೇ.

ಕ್ರೀಡಾಕೂಟದ ಬೆಳಿಗ್ಗೆ ಕಾರ್ಯದರ್ಶಿ ಎಫೀ ಸ್ವಾನ್ಸನ್, ನನಗೆ ಅಕ್ಷರ ಕಲಿಸಿದ ಟೀಚರು, ಶಬ್ದಕೋಶವನ್ನು ಕಂಕುಳಲ್ಲಿಟ್ಟುಕೊಂಡು ಮೈದಾನಕ್ಕೆ ಬಂದು ತಾವು ಬರೆದಿಟ್ಟ ‘ಸ್ಕಾಟಿ’ ಪದದ ಮೂಲವನ್ನು ಎಲ್ಲರೆದುರು ಓದಿದರು. “ನಿನ್ನ ನಿಯಮದ ಪ್ರಕಾರ ಅಸಲಿ ಸ್ಕಾಟ್ ಅಂದ್ರೆ ನಿನ್ನ ಅಳಿಯನೇ ಕಣಪ್ಪಾ. ಉಳಿದೋರ ಮೂಲ ಯಾರಿಗ್ ಗೊತ್ತು, ಬಿಟ್ಬಿಡೋಣ. ಆದ್ರೆ ನಮ್ಮ ವಂಶದೋರು ನಾರ್ವೆಯಿಂದ ಹಡಗಲ್ಲಿ ಬಂದೋರು ಅಂತ ವಂಶವೃಕ್ಷಕ್ಕೆ ಕಟ್ಟು ಹಾಕ್ಸಿ ಊರ ಹಾಲ್‌ನಲ್ಲಿ ನೇತುಹಾಕಿರೋನು ನೀನೊಬ್ನೇ, ಹಾಗಾಗಿ ಹಗ್ಗ ಬಿಡ್ಬೇಕಾದೋನೂ ನೀನೊಬ್ನೇ” ಎಂದರು. ನನ್ನ ಹೆಂಡತಿ ಮೊರಾಗ್ ಎಲ್ಲರ ಕೋಟುಗಳನ್ನು ನನ್ನ ತೋಳಿನ ಮೇಲೆ ಹೇರಿ, “ಸುಮ್ನೆ ಹಿಡ್ಕೊಂಡ್ ನಿಂತ್ಕೊಳ್ರೀ, ಗಾಳಿಗೆ ಹಾರ್ಹೋಗ್ತವೆ” ಎಂದಳು.

ಅಳಿಯ ನನ್ನ ಜಾಗದಲ್ಲಿ ನಿಂತ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಾವು ಗೆದ್ದೆವು. ಸೋತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆದಕಾರಣ ತಾವು ದಯಮಾಡಿ ಸಮಾಧಿಯಿಂದ ಎದ್ದು, ಒಂದು ದಿನದ ಮಟ್ಟಿಗೆ ಕೆಲಸಕ್ಕೆ ಹಾಜರಾಗಿ, ಸ್ಕಾಟ್ ಎಂದರೆ ಅರವತ್ತು ದಾಟಿದ ಕೇತ್ನೆಸ್ಸಿನ ಕುರಿಗಾರ ಎಂದು ಕಡತವನ್ನು ತಿದ್ದಿಕೊಡಬೇಕಾಗಿ ಪ್ರಾರ್ಥನೆ. ಅದು ನಿಯಮಬಾಹಿರವೆನಿಸಿದರೆ, ಆ ಕೊಳ್ಳೆಗಾರರ ಭುಜಗಳು ಬಹಳ ಸಣ್ಣವಿದ್ದವೆಂದಾದರೂ ಸೇರಿಸಿ.

ತಮ್ಮ ವಿಶ್ವಾಸಿ,
ಟಾರ್ಕ್ವಿಲ್ ಗನ್
(ತಮ್ಮ ದಾಖಲೆಯ ಪ್ರಕಾರ, ಯಾರೋ ಒಬ್ಬ)

ಮರೆತ ಮಾತು: ಕೊಳ್ಳೆಗಾರರ ವಿಷಯದಲ್ಲಿ ತಾವು ಬರೆದದ್ದು ಸರಿಯೇ ಇದೆ. ಅಳಿಯ ಮೊದಲು ಮಗಳನ್ನು ಕೊಂಡೊಯ್ದ, ಆಮೇಲೆ ನನ್ನ ಜಾಗವನ್ನು. ಸಂಜೆ ಗೆದ್ದ ಬಹುಮಾನದ ಬಟ್ಟಲನ್ನು ನನ್ನ ಕೈಗಿಟ್ಟು, “ಇಪ್ಪತ್ತೆರಡು ವರ್ಷ ಎಳೆದೋರು ನೀವು ಮಾವ, ನಾನು ಒಂದಿನ ಎಳ್ದೆ ಅಷ್ಟೇ” ಎಂದು ನನ್ನ ಸಿಟ್ಟನ್ನೂ ಕೊಂಡೊಯ್ದ. ಈಗ ನನ್ನ ಹತ್ತಿರ ತಮ್ಮ ಮೇಲಿನ ಸಿಟ್ಟೊಂದೇ ಉಳಿದಿದೆ.